ಗುರುವಯ್ಯನವರ ಭಾನುವಾರದ ಓದು

ಗುರುವಯ್ಯನವರಿಗೆ ಮನಸ್ಸಿನಲ್ಲಿ ಓದಲು ಬರುತ್ತಿರಲಿಲ್ಲ. ನಾನು ಹಲಸಿನಕೊಡಿಗೆ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು. ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಒಂದು ಕೋಣೆ, ನಾಲ್ಕು ಬೆಂಚು, ಎರಡು ಕಪಾಟು, ದಿನಕ್ಕೆ ಮೂರು ಪೇಪರ್, ಇಷ್ಟೇ ನಮ್ಮ ಗ್ರಂಥಾಲಯ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಛತ್ರಿ ಮಡಚಿ ಕಿಟಕಿಯ ಸರಳಿಗೆ ಸಿಕ್ಕಿಸಿ ಒಳಗೆ ಬಂದರು. ಪೇಪರ್ ಬಿಡಿಸಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತಾ ದೊಡ್ಡ ಗಂಟಲಲ್ಲಿ ಓದತೊಡಗಿದರು. ಪರೀಕ್ಷೆಗೆ ಓದಲು ಬಂದಿದ್ದ ಇಬ್ಬರು ಹುಡುಗಿಯರು ಬೆಚ್ಚಿ ತಲೆ ಎತ್ತಿದರು.

"ಗುರುವಯ್ಯಣ್ಣ, ಮನಸ್ಸಲ್ಲೇ ಓದ್ಕೊಳ್ಳಿ" ಅಂದೆ.

"ಮನಸ್ಸಲ್ಲಿ ಓದಿದ್ರೆ ನಂಗೆ ಕೇಳ್ಸೂದಿಲ್ಲ ಧನ್ಯಮ್ಮ" ಅಂದರು. ತಮಾಷೆಗೆ ಅಂದದ್ದಲ್ಲ, ನಿಜ ಹೇಳುತ್ತಿದ್ದರು.

ಆ ಗಂಟಲು ಬಂದದ್ದು ಹೊನ್ನೆಕಾನು ಕಾಫಿ ಎಸ್ಟೇಟಿನಿಂದ. ಅಲ್ಲಿ ಅವರು ಮೂವತ್ತೊಂದು ವರ್ಷ ಕೆಲಸಕ್ಕಿದ್ದರು, ಅದರಲ್ಲಿ ಇಪ್ಪತ್ತು ವರ್ಷ ಮೇಸ್ತ್ರಿ. ದಿನಾ ಬೆಳಿಗ್ಗೆ ಏಳೂವರೆಗೆ ಕಣದಲ್ಲಿ ನಿಂತು ಆಳುಗಳ ಹೆಸರು ಕೂಗುವುದು ಅವರ ಕೆಲಸ. ಪಕ್ಕದಲ್ಲಿ ಲೆಕ್ಕ ಬರೆಯುವ ರೈಟರ್ ಕೂತು ಗುರುತು ಹಾಕಿಕೊಳ್ಳುತ್ತಿದ್ದರು. ಇವರು ಕೂಗಿದ ಹೆಸರು ಸಿಲ್ವರ್ ಮರಗಳನ್ನು ದಾಟಿ ಆಚೆ ತೋಟಕ್ಕೂ ಕೇಳುತ್ತಿತ್ತಂತೆ. ಅರವತ್ತಕ್ಕೆ ಕೆಲಸ ಬಿಟ್ಟ ಮೇಲೆ ಹೆಸರು ಕೂಗುವುದಕ್ಕೆ ಯಾರೂ ಉಳಿಯಲಿಲ್ಲ. ಹೆಂಡತಿ ಕೃಷ್ಣಮ್ಮ ಇನ್ನೂ ಹಣ್ಣು ಕೊಯ್ಯಲು, ಕಳೆ ತೆಗೆಯಲು ಹೋಗುತ್ತಿದ್ದರು. ಒಬ್ಬಳೇ ಮಗಳನ್ನು ಸಕಲೇಶಪುರದ ಕಡೆ ಕೊಟ್ಟಿದ್ದರು. ತೋಟದ ಮಾಲೀಕರಾದ ಜಯಪ್ರಕಾಶ್ ಗೌಡ್ರು, "ಇರೋವಷ್ಟು ದಿನ ಲೈನಲ್ಲೇ ಇರಿ" ಅಂದಿದ್ದರು. ಲೈನು ಅಂದರೆ ಆಳುಗಳಿಗೆಂದು ಕಟ್ಟಿಸಿದ ಸಾಲುಮನೆ. ಒಂದೇ ಮಾಡು, ಎಂಟು ಬಾಗಿಲು. ತೋಟದಲ್ಲಿ ಇಂಥವು ಹಲವಿದ್ದವು, ಒಂದರಲ್ಲಿ ಮೂರನೆಯ ಬಾಗಿಲು ಇವರದು. ಹಗಲಿಡೀ ಆ ಮನೆಯಲ್ಲಿ ಒಬ್ಬರೇ ಕೂರಲಾಗದೆ ಗ್ರಂಥಾಲಯಕ್ಕೆ ಬರುತ್ತಿದ್ದರು.

ನಾಲ್ಕನೇ ಕ್ಲಾಸಿಗೆ ಬಿಟ್ಟ ಓದನ್ನು ಅರವತ್ತರ ನಂತರ ಮತ್ತೆ ಹಿಡಿದರು. ಬೇರೆಯವರು ಇರುವಾಗ ನಾನು ಅವರನ್ನು ಹೊರಗಿನ ಜಗಲಿಗೆ ಕಳಿಸುತ್ತಿದ್ದೆ. ಜಗಲಿಯಲ್ಲಿ ಪಂಚಾಯಿತಿಯ ಸೂಚನಾ ಫಲಕವಿತ್ತು. ಗಾಜಿನ ಹಿಂದೆ ಹಾಕಿದ ಕಾಗದಗಳಿಗೆ ಮಳೆಗಾಲದಲ್ಲಿ ಬೂಸಲು ಹಿಡಿದು ಹಸಿರು ಚುಕ್ಕೆಗಳು ಏಳುತ್ತಿದ್ದವು. ಅದರ ಮುಂದೆ ನಿಂತು ಯಾರೂ ಓದಿದ್ದನ್ನು ನಾನು ಕಂಡಿರಲಿಲ್ಲ. ಗುರುವಯ್ಯನವರು ಓದಿದರು. ಟೆಂಡರು, ನಡಾವಳಿ, ಸತ್ತ ನಾಯಿಗಳ ವಿಲೇವಾರಿ, ಸಿಕ್ಕಿದ್ದೆಲ್ಲ ಓದಿದರು.

ಎರಡನೇ ವರ್ಷದ ಆಗಸ್ಟಿನಲ್ಲಿ ಒಂಬತ್ತು ದಿನ ಬಿಡದೆ ಮಳೆ ಹೊಡೆಯಿತು. ಹತ್ತನೇ ದಿನ ಅವರು ಜಗಲಿಯಲ್ಲಿ ನಿಂತು ಓದುತ್ತಿದ್ದುದು ಒಳಗೆ ನನ್ನ ಕಿವಿಗೂ ಬೀಳುತ್ತಿತ್ತು. "ಹೊನ್ನೆಕಾನು ಮೇಲಿನ ಲೈನಿನ ಕುಡಿಯುವ ನೀರಿನ ತೊಟ್ಟಿಯ ಮಾದರಿಯನ್ನು ಪರೀಕ್ಷಿಸಲಾಗಿದ್ದು, ಸದರಿ ನೀರು ಕುಡಿಯಲು ಯೋ... ಯೋಗ್ಯವಿಲ್ಲ..." ಓದು ಅಲ್ಲಿಗೆ ನಿಂತಿತು. ಮತ್ತೆ ಮೊದಲಿಂದ ಓದಿದರು. ಕೆಳಗಿನ ತಾರೀಕನ್ನೂ ಓದಿದರು. ಕಾಗದ ಹಾಕಿ ಹನ್ನೊಂದು ದಿನವಾಗಿತ್ತು.

ಮೇಲಿನ ಲೈನಿನಲ್ಲಿ ಆ ವಾರ ಮೂರು ಮನೆಯಲ್ಲಿ ವಾಂತಿಭೇದಿ. ಬಸಮ್ಮ ಅನ್ನುವ ವಿಧವೆಯ ಮಗಳನ್ನು ಹಿಂದಿನ ದಿನ ತಾನೆ ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಸಾಗಿಸಿದ್ದರು. ಜೀಪಿಗೆ ಹತ್ತಿಸಿದವರಲ್ಲಿ ಗುರುವಯ್ಯನವರೂ ಒಬ್ಬರು.

ಅವರು ನೇರ ಪಿಡಿಒ ಕೋಣೆಗೆ ಹೋದರು. ಹಿಂದೆಯೇ ನಾನೂ ಹೋದೆ. ನಮ್ಮ ಪಿಡಿಒ, ಅಂದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಸೌಂದರ್ಯ ಅಂತ. ಇನ್ನೂ ಮೂವತ್ತು ತುಂಬಿರಲಿಲ್ಲ, ಬಂದು ಎಂಟು ತಿಂಗಳಾಗಿತ್ತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಬಿಗಿ.

"ಮೇಡಂ, ಹೊರಗೆ ನೀರಿನ ವಿಷಯ ಹಾಕಿದೀರಲ್ಲ, ಅದನ್ನ ಯಾರಿಗೆ ಅಂತ ಬರ್ದಿದ್ದು?"

"ಸಾರ್ವಜನಿಕರಿಗೆ. ರಿಪೋರ್ಟ್ ಬಂದ ದಿನವೇ ಹಾಕಿಸಿದ್ದೇನೆ. ನಿಯಮದ ಪ್ರಕಾರ ಏನು ಮಾಡ್ಬೇಕೋ ಮಾಡಿದ್ದೇವೆ."

"ಹಾಕಿದ್ದು ಸರಿ ಮೇಡಂ. ಗೊತ್ತಾಗಿದ್ದು ಯಾರಿಗೆ?"

ಗುರುವಯ್ಯನವರು ಉತ್ತರಕ್ಕೆ ಕಾಯಲಿಲ್ಲ. ಆ ಕಾಗದದ ಒಂದು ಪ್ರತಿ ಕೇಳಿ ಇಸಿದುಕೊಂಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಜಿಗಣೆ ಕಚ್ಚುವ ಆ ಕಾಲುದಾರಿಯಲ್ಲಿ ಎರಡು ಮೈಲಿ ಹತ್ತಿ ಮೇಲಿನ ಲೈನಿಗೆ ಹೋದರು. ಪ್ರತಿ ಬಾಗಿಲ ಮುಂದೆ ನಿಂತು ಯಜಮಾನನ, ಯಜಮಾನಿಯ ಹೆಸರು ಹಿಡಿದು ಕೂಗಿ, ಹೊರಗೆ ಬಂದವರಿಗೆಲ್ಲ ಓದಿ ಹೇಳಿದರು. ಕೊನೆಯ ಮನೆ ಮುಗಿಸಿ ತಿರುಗಿದರೆ ಕೊಡೆ ಹಿಡಿದು ಸೌಂದರ್ಯ ಬರುತ್ತಿದ್ದರಂತೆ, ಜೊತೆಗೆ ನೀರು ಬಿಡುವವನು, ಅವನ ಕೈಯಲ್ಲಿ ಬ್ಲೀಚಿಂಗ್ ಪೌಡರಿನ ಡಬ್ಬ. ಮೇಡಂ ಸೀರೆಗೆ ಮೊಣಕಾಲಿನವರೆಗೆ ಕೆಸರು. "ನನಗೂ ಆವತ್ತೇ ಆ ಲೈನು ಎಲ್ಲಿದೆ ಅಂತ ಗೊತ್ತಾಗಿದ್ದು" ಅಂತ ಆಮೇಲೊಮ್ಮೆ ಅವರೇ ನನ್ನ ಹತ್ತಿರ ಹೇಳಿಕೊಂಡರು. ಬಸಮ್ಮನ ಮಗಳು ನಾಲ್ಕು ದಿನಕ್ಕೆ ಹುಷಾರಾಗಿ ಮನೆಗೆ ಬಂದಳು.

ಆ ಹೊತ್ತಿಗೆ ನಮ್ಮ ಪಂಚಾಯಿತಿಗೆ ಇನ್ನೊಬ್ಬರ ಕಾಟವಿತ್ತು. ಮೂಡಿಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು ರೇಣುಕಪ್ರಸಾದ್. ಅವರೂ ಅವರ ನಾಲ್ಕೈದು ಸ್ನೇಹಿತರೂ ಸೇರಿ ಒಂದು ನಾಗರಿಕ ವೇದಿಕೆ ಮಾಡಿಕೊಂಡು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದರು. ನಮ್ಮಲ್ಲಿಗೇ ಹದಿನೇಳು ಅರ್ಜಿ ಬಂದಿದ್ದವು. ಅವರ ಸ್ಕೂಟರಿನ ಸದ್ದು ಕೇಳಿದರೆ ಸೌಂದರ್ಯ ಮೇಡಂ ಮುಖ ಗಂಟಿಕ್ಕುತ್ತಿದ್ದರು. ಮೇಷ್ಟ್ರಿಗೂ ಅಷ್ಟೇ, ಕಚೇರಿಯೊಳಗೆ ಇರುವವರೆಲ್ಲ ಏನೋ ಮುಚ್ಚಿಡುವವರೆಂದೇ ಅನುಮಾನ. ನೀರಿನ ಸುದ್ದಿ ಕೇಳಿ ಅವರು ಹದಿನೆಂಟನೇ ಅರ್ಜಿ ಹಿಡಿದು ಬಂದರು. ಒಳಗೆ ಮಾತಿಗೆ ಮಾತು ಬೆಳೆಯಿತು. ಜಗಲಿಯಲ್ಲಿ ಕೇಳುತ್ತಾ ಕೂತಿದ್ದ ಗುರುವಯ್ಯನವರು ತಡೆಯಲಾರದೆ ಎದ್ದು ಒಳಗೆ ಹೋದರು.

"ಮೇಷ್ಟ್ರೇ, ನಿಮ್ಗೆ ಕಾಗದ ಬೇಕು. ಮೇಡಂ, ನಿಮ್ಮತ್ರ ಕಾಗದ ಇದೆ. ಆದ್ರೆ ಆ ಕಾಗದದಲ್ಲಿ ಬರ್ದಿರೋದು ಯಾರ ವಿಷಯವೋ ಅವ್ರು ಯಾರೂ ಇಲ್ಲಿಲ್ಲ, ತೋಟದಲ್ಲಿ ಗಿಡದ ಚಿಗುರು ತೆಗ್ದು ಕಸಿ ಮಾಡ್ತಾ ಇದಾರೆ. ಅವ್ರಿಗೆ ರಜೆ ಭಾನುವಾರ. ನಿಮ್ಮ ಆಫೀಸಿಗೂ ಭಾನುವಾರವೇ ರಜೆ. ಹಾಗಾದ್ರೆ ಅವ್ರು ನೋಡೋದು ಯಾವಾಗ?"

ಗುರುವಯ್ಯನವರು ತಲೆ ಕೆರೆದುಕೊಂಡು, "ಕೊಟ್ರೆ ನಾನು ಓದ್ತೀನಪ್ಪ" ಅಂದರು.

ಹೀಗೆ ಶುರುವಾಯಿತು. ಅದಕ್ಕೊಂದು ಕ್ರಮ ಹಾಕಿದ್ದು ಮೇಷ್ಟ್ರು ಮತ್ತು ಮೇಡಂ, ಒಂದೇ ಮೇಜಿಗೆ ಎದುರುಬದುರು ಕೂತು. ಪ್ರತಿ ಶನಿವಾರ ಪಂಚಾಯಿತಿಯಿಂದ ಆ ವಾರದ ತೀರ್ಮಾನಗಳು, ನೀರಿನ ವರದಿ, ಆಗಬೇಕಾದ ಕೆಲಸಗಳು, ಎಲ್ಲವೂ ಇರುವ ಒಂದು ಹಾಳೆ, ಸಹಿ ಮೊಹರಿನೊಂದಿಗೆ. ಕಚೇರಿ ಭಾಷೆಯನ್ನು ಮೇಷ್ಟ್ರು ಜನರ ಮಾತಿಗೆ ತಿರುಗಿಸಿ ಬರೆಯಬೇಕು, ಮೇಡಂ ಅರ್ಥ ಕೆಟ್ಟಿಲ್ಲವೆಂದು ನೋಡಬೇಕು. ಭಾನುವಾರ ಹನ್ನೊಂದು ಗಂಟೆಗೆ ಗುರುವಯ್ಯನವರು ಓದಬೇಕು. ಕೇಳಿದವರ ಪ್ರಶ್ನೆಗಳನ್ನು ನಾನು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಮುಂದಿನ ಭಾನುವಾರ ಉತ್ತರ ಓದಬೇಕು. ಅಧ್ಯಕ್ಷರು ಮೊದಲು "ಇದೆಂತ ನಾಟಕ ಮಾರಾಯ" ಅಂದರು, ಆಮೇಲೆ ನಾಲ್ಕು ವಾರ ನೋಡೋಣ ಅಂತ ಒಪ್ಪಿದರು.

ಓದುವ ಜಾಗ ದೇವರಮನೆ ಗುಡ್ಡಕ್ಕೆ ಹೋಗುವ ರಸ್ತೆ ಕವಲೊಡೆಯುವ ಕಡೆ ಇರುವ ಬಸ್‌ಸ್ಟ್ಯಾಂಡು. ಲೈನುಗಳಿಂದ ಸಂತೆ ಸಾಮಾನಿಗೆ ಹೋಗುವವರು ಅಲ್ಲಿಯೇ ಜೀಪು ಕಾಯುವುದು. ಮೊದಲ ಭಾನುವಾರ ಕೇಳಿದವರು ಆರು ಜನ, ಅದರಲ್ಲಿ ಇಬ್ಬರು ಗುಡ್ಡ ನೋಡಲು ಬಂದ ಪ್ರವಾಸಿಗಳು. ಏನೋ ಹರಾಜು ಅಂತ ತಿಳಿದು ಕಾರು ನಿಲ್ಲಿಸಿ ವಿಡಿಯೋ ಮಾಡಿಕೊಂಡರು. ಎರಡನೇ ವಾರ ಒಬ್ಬ ಕೇಳಿದ, "ಕೆಳಗಿನ ಲೈನಿನ ದೀಪ ಹೋಗಿ ಮೂರು ತಿಂಗಳಾಯ್ತು, ಎಂತ ಕತೆ?" ನಾನು ಬರೆದುಕೊಂಡೆ. ಮೂರನೇ ವಾರ ಉತ್ತರ ಬಂದಿರಲಿಲ್ಲ. ಗುರುವಯ್ಯನವರು ಹಾಳೆ ಓದಿ ಮುಗಿಸಿ, ಅದೇ ಗಂಟಲಲ್ಲಿ, "ಕೆಳಗಿನ ಲೈನಿನ ದೀಪ. ಉತ್ತರ ಬಂದಿಲ್ಲ. ಒಂದು ವಾರ" ಅಂತ ಸೇರಿಸಿದರು. ನಾಲ್ಕನೇ ವಾರ, "ಕೆಳಗಿನ ಲೈನಿನ ದೀಪ. ಉತ್ತರ ಬಂದಿಲ್ಲ. ಎರಡು ವಾರ." ಆ ಬುಧವಾರ ದೀಪ ಹಾಕಿದರು. ಮುಂದಿನ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲು ಜಾಗವಿರಲಿಲ್ಲ.

ಅವರು ಯಾರನ್ನೂ ಬೈಯುತ್ತಿರಲಿಲ್ಲ. ಯಾರಾದರೂ ಗುಂಪಿನಿಂದ "ಎಲ್ಲಾ ಕಳ್ಳರು" ಅಂದರೆ, "ಪ್ರಶ್ನೆ ಇದ್ರೆ ಹೇಳು, ಧನ್ಯಮ್ಮ ಬರ್ಕೊಳ್ತಾರೆ. ಬೈಗುಳಕ್ಕೆ ಪುಸ್ತಕದಲ್ಲಿ ಜಾಗ ಇಲ್ಲ" ಅನ್ನುತ್ತಿದ್ದರು. ಒಳ್ಳೆ ಕೆಲಸವಾಗಿದ್ದರೆ ಅದನ್ನೂ ಅಷ್ಟೇ ಜೋರಾಗಿ ಓದುತ್ತಿದ್ದರು. ಅಂಗನವಾಡಿಯ ಮಾಡು ರಿಪೇರಿಯಾದ ವಾರ ಆ ಸಾಲನ್ನು ಎರಡು ಸಲ ಓದಿದರು. ಸೌಂದರ್ಯ ಮೇಡಂ ಗುಂಪಿನ ಹಿಂದೆ ನಿಂತಿದ್ದರು, ಮುಖ ಕೆಂಪಾಗಿತ್ತು. ಹದಿನೆಂಟನೇ ಅರ್ಜಿಯ ನಂತರ ಮೇಷ್ಟ್ರು ನಮ್ಮ ಪಂಚಾಯಿತಿಗೆ ಹತ್ತೊಂಬತ್ತನೆಯದು ಹಾಕಲಿಲ್ಲ.

ಹೀಗೆ ಒಂದೂವರೆ ವರ್ಷ ನಡೆಯಿತು. ಅಷ್ಟರಲ್ಲಿ ಊರು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ ವಿಷಯ ಬಂತು. ಲೈನುಗಳಲ್ಲಿ ಹುಟ್ಟಿ, ಲೈನುಗಳಲ್ಲೇ ಮದುವೆಯಾಗಿ, ಸ್ವಂತಕ್ಕೆ ಒಂದು ಅಡಿ ನೆಲವಿಲ್ಲದವರಿಗೆ ಕೊಡಲು ಸರ್ಕಾರಿ ಜಾಗವೊಂದು ಅಳತೆಯಾಗಿ ಇಪ್ಪತ್ತೆರಡು ನಿವೇಶನಗಳಾದವು. ಅರ್ಜಿ ಹಾಕಿದವರು ತೊಂಬತ್ತಕ್ಕೂ ಮೇಲೆ. ಹಿಂದೆಲ್ಲ ಇಂಥ ಪಟ್ಟಿ ಒಳಗೆ ತಯಾರಾಗಿ, ಗ್ರಾಮಸಭೆಯಲ್ಲಿ ಯಾರಿಗೂ ಕೇಳದ ಹಾಗೆ ಓದಿ, ಸಹಿ ಆಗಿಹೋಗುತ್ತಿತ್ತು. ಈ ಸಲ ಗ್ರಾಮಸಭೆಗೆ ಹತ್ತು ದಿನ ಮೊದಲೇ ಭಾನುವಾರದ ಓದಿನಲ್ಲಿ ಕರಡು ಪಟ್ಟಿ ಓದಬೇಕೆಂದು ಸೌಂದರ್ಯ ತೀರ್ಮಾನಿಸಿದರು. ಪಟ್ಟಿ ಮಾಡಿದ್ದು ವಾರ್ಡಿನ ಸದಸ್ಯ ಸುರೇಂದ್ರ.

ಶನಿವಾರ ಮಧ್ಯಾಹ್ನ ಗುರುವಯ್ಯನವರು ಎಂದಿನಂತೆ ಗ್ರಂಥಾಲಯಕ್ಕೆ ಬಂದು ಹಾಳೆ ತೆಗೆದುಕೊಂಡರು. ಮರುದಿನ ತಡವರಿಸಬಾರದೆಂದು ಅವರು ಒಮ್ಮೆ ಓದಿ ನೋಡಿಕೊಳ್ಳುವುದು ರೂಢಿ. "ಒಂದು. ರಂಗಮ್ಮ ಕೋಂ ಲೇಟ್ ತಿಮ್ಮಯ್ಯ. ಎರಡು..." ಅಂತ ಶುರು ಮಾಡಿದರು. ಮೂರರ ನಂತರ ದನಿ ನಿಂತಿತು. ನಾನು ರಿಜಿಸ್ಟರಿನಿಂದ ತಲೆ ಎತ್ತಿದೆ. ಅವರ ತುಟಿ ಅಲ್ಲಾಡುತ್ತಿರಲಿಲ್ಲ. ಬೆರಳು ಮಾತ್ರ ಒಂದು ಸಾಲಿನ ಕೆಳಗೆ ನಿಂತಿತ್ತು, ಆಮೇಲೆ ನಿಧಾನಕ್ಕೆ ಕೆಳಗಿಳಿದು ಹಾಳೆಯ ಕೊನೆಯವರೆಗೆ ಹೋಯಿತು. ಆವತ್ತು ಮೊದಲ ಸಲ ಗುರುವಯ್ಯನವರು ಮನಸ್ಸಿನಲ್ಲಿ ಓದಿದರು.

"ಎಂತ ಆಯ್ತು ಗುರುವಯ್ಯಣ್ಣ?"

ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನಾಲ್ಕನೆಯ ಹೆಸರು ಅವರದೇ. ಅವರು ಅರ್ಜಿ ಹಾಕಿದ್ದು ಕೆಲಸ ಬಿಟ್ಟ ಮೇಲೆ, ನಾಲ್ಕು ವರ್ಷದ ಹಿಂದೆ. ಹನ್ನೆರಡು ವರ್ಷದಿಂದ ಕಾಯುತ್ತಿದ್ದ ಬಸಮ್ಮನ ಹೆಸರು ಮೂವತ್ತೊಂದನೆಯದು.

"ನಿಮ್ಗೂ ಮನೆ ಇಲ್ವಲ್ಲ. ಇದ್ರಲ್ಲಿ ಸುಳ್ಳೇನೂ ಇಲ್ಲ" ಅಂದೆ. ನನಗೆ ಒಳಗೊಳಗೇ ಸಂತೋಷವೇ ಆಗಿತ್ತು.

"ಇಲ್ಲ, ಸುಳ್ಳಲ್ಲ" ಅಂದರು. ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಛತ್ರಿ ಮರೆತು ಹೊರಟರು. ನಾನೇ ಓಡಿಹೋಗಿ ಕೊಟ್ಟೆ.

ಭಾನುವಾರ ಬಸ್‌ಸ್ಟ್ಯಾಂಡಿನ ಎದುರು ಇನ್ನೂರಕ್ಕೆ ಕಡಿಮೆ ಜನವಿರಲಿಲ್ಲ. ಕೃಷ್ಣಮ್ಮ ಹೆಂಗಸರ ಸಾಲಿನಲ್ಲಿ ಮುಂದೆಯೇ ನಿಂತಿದ್ದರು. ಐವತ್ತೈದು ದಾಟಿದ, ಸಣಕಲು ಮೈಯ, ಯಾವಾಗಲೂ ಏನನ್ನೋ ಬೇಗ ಮುಗಿಸಬೇಕಾದವರಂತೆ ನಿಲ್ಲುವ ಹೆಂಗಸು. ಗುರುವಯ್ಯನವರು ಓದಿದರು. "ನಾಲ್ಕು. ಗುರುವಯ್ಯ ಬಿನ್ ಲೇಟ್ ದೊಡ್ಡಯ್ಯ." ಗುಂಪಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಕೃಷ್ಣಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಾಣುತ್ತಿತ್ತು.

ಗುರುವಯ್ಯನವರು ನಿಲ್ಲಿಸದೆ ತೊಂಬತ್ತಮೂರು ಹೆಸರನ್ನೂ ಓದಿ ಮುಗಿಸಿದರು. ಆಮೇಲೆ ಹಾಳೆ ಕೆಳಗಿಳಿಸಿ, "ಒಂದು ಪ್ರಶ್ನೆ ಬರ್ಕೊಳ್ಳಿ ಧನ್ಯಮ್ಮ" ಅಂದರು. "ಮೂವತ್ತೊಂದನೇ ಬಸಮ್ಮ ಅರ್ಜಿ ಕೊಟ್ಟು ಹನ್ನೆರಡು ವರ್ಷ. ನಾಲ್ಕನೇ ಗುರುವಯ್ಯ ಕೊಟ್ಟು ನಾಲ್ಕು ವರ್ಷ. ನಾಲ್ಕನೆಯವ ಮೂವತ್ತೊಂದನೆಯವಳ ಮುಂದೆ ಬಂದದ್ದು ಹೇಗೆ? ಪ್ರಶ್ನೆ ಕೇಳಿದವರು, ಗುರುವಯ್ಯ."

ನನ್ನ ಪೆನ್ನು ಮುಂದೆ ಹೋಗಲಿಲ್ಲ. ಬಸಮ್ಮನೇ ಮುಂದೆ ಬಂದು, "ಬೇಡಿ ಅಣ್ಣ, ನಿಮ್ಗೆ ಬಂದದ್ದನ್ನ ನೀವು ತಗೊಳ್ಳಿ, ನಾನು ಕಾಯ್ತೀನಿ" ಅಂದಳು. ಸದಸ್ಯ ಸುರೇಂದ್ರನ ಮುಖ ಇಳಿದುಹೋಗಿತ್ತು. "ಊರಿಗೋಸ್ಕರ ಇಷ್ಟು ದುಡೀತಾರೆ ಅಂತ ನಾನೇ ಮೇಲೆ ಹಾಕ್ದೆ. ಅದ್ರಲ್ಲಿ ತಪ್ಪೇನಿದೆ?" ಅಂದ. ಅವನು ಕೆಟ್ಟವನಲ್ಲ. ಅವನ ಮನಸ್ಸಿನಲ್ಲಿ ಅದು ನಿಜವಾಗಿಯೂ ಸನ್ಮಾನವೇ ಆಗಿದ್ದಿರಬಹುದು, ಇನ್ನೇನಾದರೂ ಇದ್ದಿರಲೂಬಹುದು.

"ನಿನ್ನ ಪ್ರೀತಿ ದೊಡ್ಡದು ಸುರೇಂದ್ರ" ಅಂದರು ಗುರುವಯ್ಯ. "ಆದ್ರೆ ಹಾಗೆ ಹಾಕಿದ್ದು ನಾನೊಬ್ಬನೇನಾ, ಬೇರೆಯವ್ರೂ ಇದಾರಾ ಅಂತ ನಾಳೆ ಜನ ಕೇಳ್ತಾರೆ. ಆಗ ನಾನು ಎಂತ ಓದ್ಲಿ?"

ನಾನು ಕೃಷ್ಣಮ್ಮನ ಕಡೆ ನೋಡಿದೆ. ಅವರು ಅಲ್ಲಿರಲಿಲ್ಲ. ಸಾಮಾನಿನ ಚೀಲವನ್ನು ಬೆಂಚಿನ ಮೇಲೆಯೇ ಬಿಟ್ಟು ಲೈನಿನ ಹಾದಿ ಹಿಡಿದಿದ್ದರು.

ಆ ದಿನ ಮನೆಯಲ್ಲಿ ಏನಾಯಿತೆಂಬುದನ್ನು ಎಷ್ಟೋ ದಿನಗಳ ನಂತರ ಗುರುವಯ್ಯನವರೇ ನನಗೆ ಹೇಳಿದ್ದು. ಅವರು ಹೋದಾಗ ಕೃಷ್ಣಮ್ಮ ಒಲೆ ಮುಂದೆ ಕೂತಿದ್ದರಂತೆ. ನಿವೇಶನ ಹೋಯಿತೆಂದು ಬೈಯುತ್ತಾಳೆ ಅಂದುಕೊಂಡಿದ್ದರು. ಕೃಷ್ಣಮ್ಮ ಅಂದದ್ದು ಬೇರೆ.

"ನಿನ್ನೆ ಮಧ್ಯಾಹ್ನವೇ ನಿಮ್ಗೆ ಗೊತ್ತಿತ್ತಲ್ವಾ?"

"ಹೂಂ."

"ಊರಿಗೆಲ್ಲಾ ಓದಿ ಹೇಳ್ತೀರಿ. ಹೆಂಡ್ತಿಗೆ ಹೇಳೋದಕ್ಕೆ ಬಾಯಿ ಬರ್ಲಿಲ್ವಾ? ಜನರ ಮಧ್ಯೆ ನಿಂತು ಖುಷಿ ಪಟ್ಟೆ. ಜನರ ಮಧ್ಯೆಯೇ ಅದನ್ನ ಕಿತ್ಕೊಂಡ್ರಿ. ಬಸಮ್ಮಂಗೆ ಕೊಡಿ ಅಂತ ನಾನೂ ಹೇಳ್ತಿದ್ನೇನೋ. ಕೇಳಿದ್ರಾ ನನ್ನ?"

ಹೇಳಿದರೆ ಅವಳು ಅಳುತ್ತಾಳೆ, ಅವಳು ಅತ್ತರೆ ತನ್ನ ಮನಸ್ಸು ತಿರುಗುತ್ತದೆ ಅಂತ ಹೆದರಿ ಇವರು ಹೇಳದೆ ಉಳಿದಿದ್ದರು. ಆ ಮಾತನ್ನೂ ಆಗ ಹೇಳಲಿಲ್ಲ.

ಕೃಷ್ಣಮ್ಮ ಹತ್ತೊಂಬತ್ತು ದಿನ ಮಾತು ಬಿಟ್ಟರು. ಅಡುಗೆ ಮಾಡಿ, ತಟ್ಟೆ ಇಟ್ಟು, ಹೊರಗೆ ಹೋಗಿ ಕೂರುತ್ತಿದ್ದರು. ಗುರುವಯ್ಯನವರು ದಿನಾ ಗ್ರಂಥಾಲಯಕ್ಕೆ ಬಂದು ಪೇಪರನ್ನು ತಲೆಕೆಳಗೆ ಹಿಡಿದು ಕೂರುತ್ತಿದ್ದರು. ಒಂದು ದಿನ, "ಧನ್ಯಮ್ಮ, ನಾನು ಮಾಡಿದ್ದು ತಪ್ಪಾ?" ಅಂತ ಕೇಳಿದರು.

"ಬಸ್‌ಸ್ಟ್ಯಾಂಡಲ್ಲಿ ಮಾಡಿದ್ದು ತಪ್ಪಲ್ಲ" ಅಂದೆ. ಅಷ್ಟು ಅವರಿಗೆ ಸಾಕಾಯಿತು.

ಆ ಶನಿವಾರ ಅವರು ಹಾಳೆಯನ್ನು ಸೀದಾ ಮನೆಗೆ ತೆಗೆದುಕೊಂಡು ಹೋದರು. ಸಂಜೆ ಕೃಷ್ಣಮ್ಮ ತೋಟದಿಂದ ಬಂದು ಕಾಲು ತೊಳೆದು ಕೂತ ಮೇಲೆ, ಎದುರಿಗೆ ಮಣೆ ಹಾಕಿಕೊಂಡು ಕೂತು, ಏನೂ ಪೀಠಿಕೆ ಹಾಕದೆ ಮೊದಲ ಸಾಲಿನಿಂದ ಓದಿದರಂತೆ. ಹೊಸ ಪಟ್ಟಿ ಅದು. ಗದ್ದಲವಾದ ಮೇಲೆ ಸೌಂದರ್ಯ ಮೇಡಂ ಗ್ರಾಮಸಭೆಯನ್ನು ಮುಂದೂಡಿ, ಹಳೆಯ ಪಟ್ಟಿಯನ್ನು ಬದಿಗಿಟ್ಟು, ಯಾರಿಗೆ ಯಾವ ಕಾರಣಕ್ಕೆ ಮೊದಲು ಎನ್ನುವುದನ್ನು ಬರೆದು ಬೋರ್ಡಿಗೆ ಹಾಕಿಸಿದ್ದರು. ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ, ವಿಧವೆಯರೇ, ಅಂಗವಿಕಲರಿದ್ದಾರೆಯೇ, ಲೈನು ಬಿಡಿ ಅಂತ ಹೇಳಿಸಿಕೊಂಡಿದ್ದಾರೆಯೇ ಅಂತೆಲ್ಲ. ಮೇಷ್ಟ್ರ ವೇದಿಕೆಯವರೂ ಲೈನಿನ ಹೆಂಗಸರೂ ಪಂಚಾಯಿತಿಯವರೂ ಕೂಡಿ ಮನೆಮನೆಗೆ ಹೋಗಿ ನೋಡಿ ಬಂದಿದ್ದರು. ಈಗಾಗಲೇ ಬೇರೆಡೆ ಮನೆಯಿದ್ದ ಮೂವರು ಸಿಕ್ಕಿ ಪಟ್ಟಿಯಿಂದ ಬಿದ್ದರು. ಬಸಮ್ಮ ಐದನೆಯವಳಾದಳು. ಗುರುವಯ್ಯನವರದು ಇಪ್ಪತ್ತಾರು. ನಿವೇಶನ ಇದ್ದದ್ದು ಇಪ್ಪತ್ತೆರಡು.

"ಇಪ್ಪತ್ತಾರು. ನಾವು" ಅಂತ ಓದಿ, "ನಿಂಗೆ ಅವತ್ತೇ ಹೇಳ್ಬೇಕಿತ್ತು ಕೃಷ್ಣಿ. ಹೆದರ್ಕೊಂಡೆ" ಅಂದರಂತೆ.

ಕೃಷ್ಣಮ್ಮ, "ಇಪ್ಪತ್ತೆರಡರಿಂದ ಆಚೆಯವ್ರಿಗೆ ಎಂತ ಮಾಡ್ತಾರಂತೆ? ಅದನ್ನ ಬರ್ದಿದಾರಾ?" ಅಂತ ಕೇಳಿದರು. ಹತ್ತೊಂಬತ್ತು ದಿನಕ್ಕೆ ಮೊದಲ ಮಾತು. ಹಾಳೆಯಲ್ಲಿ ಅದು ಇರಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಆ ಪ್ರಶ್ನೆಯನ್ನು ಕೃಷ್ಣಮ್ಮನೇ ಕೇಳಿದರು. ಎರಡನೇ ಹಂತಕ್ಕೆ ಇನ್ನೊಂದು ಜಾಗವಿದೆ, ಆದರೆ ಅರಣ್ಯದವರದೋ ಕಂದಾಯದವರದೋ ಇತ್ಯರ್ಥವಾಗಿಲ್ಲ, ಜಂಟಿ ಅಳತೆ ಆಗಬೇಕು ಅಂತ ಉತ್ತರ ಬಂತು. "ಅಳತೆ ಯಾವಾಗ?" ಅಂದರು. ಉತ್ತರ ಬರಲಿಲ್ಲ. ಅಂದಿನಿಂದ ನನ್ನ ಪುಸ್ತಕದಲ್ಲಿ ಪ್ರತಿ ವಾರ ಒಂದು ಸಾಲು ಕಾಯಂ ಆಯಿತು. ಕೃಷ್ಣಮ್ಮ. ಜಂಟಿ ಅಳತೆ. ಉತ್ತರ ಬಂದಿಲ್ಲ. ಇಷ್ಟನೇ ವಾರ. ಗುರುವಯ್ಯನವರು ಅದನ್ನು ಬೇರೆಲ್ಲ ಪ್ರಶ್ನೆಗಳಂತೆಯೇ ಓದುತ್ತಿದ್ದರು, ಹೆಂಡತಿಯದೆಂದು ಒಂದು ಎಳೆ ಜಾಸ್ತಿ ಎಳೆಯುತ್ತಲೂ ಇರಲಿಲ್ಲ, ಕಡಿಮೆ ಮಾಡುತ್ತಲೂ ಇರಲಿಲ್ಲ. ಶನಿವಾರದ ಹಾಳೆ ಮಾತ್ರ ಮೊದಲು ಮನೆಯಲ್ಲಿ ಓದಿಯೇ ಭಾನುವಾರ ಊರಿಗೆ. "ಈ ಸಾಲು ನಂಗೆ ಅರ್ಥ ಆಗ್ಲಿಲ್ಲ" ಅಂತ ಕೃಷ್ಣಮ್ಮ ಅಂದರೆ ಮೇಷ್ಟ್ರಿಗೆ ಫೋನು ಹೋಗುತ್ತಿತ್ತು, ಅವರು ಬೇರೆ ಮಾತಿನಲ್ಲಿ ಬರೆದುಕೊಡುತ್ತಿದ್ದರು.

ನಡುವೆ ಕಷ್ಟದ ಕಾಲವೂ ಬಂತು. ಜಯಪ್ರಕಾಶ್ ಗೌಡ್ರು ಸ್ವತಃ ಲೈನಿಗೆ ಬಂದು, ಕಟ್ಟೆ ಮೇಲೆ ಕೂತು, ಮುಜುಗರದಿಂದಲೇ ವಿಷಯ ತೆಗೆದರು. "ಗುರುವಯ್ಯ, ಹೊರಗಿಂದ ಬರೋ ಆಳುಗಳಿಗೆ ಮನೆ ಬೇಕಾಗಿದೆ. ನಿನ್ನ ಕಳಿಸೋದಕ್ಕೆ ನಂಗೆ ಇಷ್ಟ ಇಲ್ಲ. ಆದ್ರೆ ಮುಂದಿನ ಕೊಯ್ಲಿನೊಳಗೆ ಏನಾದ್ರೂ ನೋಡ್ಕೊಳ್ಳೋಕಾಗುತ್ತಾ?" ಗುರುವಯ್ಯನವರು "ಆಯ್ತು ಗೌಡ್ರೇ" ಅಂದರು. ಅವರು ಹೋದ ಮೇಲೆ ಕೃಷ್ಣಮ್ಮ, "ನಾಲ್ಕನೇ ನಂಬರಲ್ಲಿ ಇರ್ಬಹುದಿತ್ತು" ಅಂತ ಒಂದೇ ಒಂದು ಸಲ ಅಂದರಂತೆ. ಗಂಡನ ಮುಖ ನೋಡಿ, "ಇರ್ಲಿ ಬಿಡಿ, ಬಸಮ್ಮನ ಗೋಡೆ ಎದ್ದದ್ದು ನೋಡಿದ್ರಾ?" ಅಂತ ಮಾತು ಬದಲಿಸಿದರು. ಮರುವಾರ ಇಬ್ಬರೂ ಹೋಗಿ ಬಸಮ್ಮನ ಮನೆಗೆ ಇಟ್ಟಿಗೆ ಹೊತ್ತು ಬಂದರು.

ಐವತ್ತೆಂಟನೇ ವಾರ ಉತ್ತರ ಬಂತು. ಮಹಿಳಾ ಗ್ರಾಮಸಭೆಗೆ ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿಯ ಮುಂದೆ ಕೃಷ್ಣಮ್ಮ ನನ್ನ ಪುಸ್ತಕವನ್ನೇ ಒಯ್ದು, ಐವತ್ತೇಳು ಸಲ ಬರೆದ ಒಂದೇ ಸಾಲನ್ನು ಪುಟ ತಿರುಗಿಸಿ ತಿರುಗಿಸಿ ತೋರಿಸಿದರು. ಓದಲು ಬಾರದ ಅವರಿಗೆ ಆ ಸಾಲಿನ ಆಕಾರ ಮಾತ್ರ ಚೆನ್ನಾಗಿ ಗೊತ್ತಿತ್ತು. ಅಧಿಕಾರಿ ನಕ್ಕರು, ಆಮೇಲೆ ನಗು ನಿಲ್ಲಿಸಿ ಅಲ್ಲೇ ಫೋನು ಮಾಡಿದರು. ಹದಿನೈದು ದಿನಕ್ಕೆ ಎರಡೂ ಇಲಾಖೆಯವರು ಅಳತೆಯ ಸರಪಳಿ ಹಿಡಿದುಕೊಂಡು ಗುಡ್ಡ ಹತ್ತಿದರು. ಹದಿನಾಲ್ಕು ನಿವೇಶನಗಳಾದವು. ಎರಡನೇ ಪಟ್ಟಿಯ ದಿನ ಗುರುವಯ್ಯನವರು ಓದಿದರು, "ನಾಲ್ಕು. ಕೃಷ್ಣಮ್ಮ ಕೋಂ ಗುರುವಯ್ಯ." ಹಕ್ಕುಪತ್ರ ಹೆಂಗಸರ ಹೆಸರಿಗೆ. ಈ ಸಲ ಆ ನಾಲ್ಕು ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ, ಲೆಕ್ಕ ಬೋರ್ಡಿನ ಮೇಲಿತ್ತು. ಆದರೂ ಕೃಷ್ಣಮ್ಮ ಗುಂಪಿನ ಕಡೆ ತಿರುಗಿ, "ಎಂತಾದ್ರೂ ಪ್ರಶ್ನೆ ಇದ್ರೆ ಈಗ್ಲೇ ಕೇಳ್ಬಿಡಿ, ಆಮೇಲೆ ನಾನು ಬಿಟ್ಕೊಡೋದಿಲ್ಲ" ಅಂದರು. ಇಡೀ ಬಸ್‌ಸ್ಟ್ಯಾಂಡು ನಕ್ಕಿತು.

ಮೊನ್ನೆ ಯುಗಾದಿಗೆ ಅವರು ಆ ಮನೆಗೆ ಹೋದರು. ಎರಡು ಕೋಣೆ, ಹಂಚಿನ ಮಾಡು, ಗಿಲಾವು ಇನ್ನೂ ಒಂದು ಕಡೆ ಬಾಕಿ. ಜಯಪ್ರಕಾಶ್ ಗೌಡ್ರು ಬಾಗಿಲಿಗೆ ಹಲಸಿನ ಮರ ಕಳಿಸಿದ್ದರು.

ಸೌಂದರ್ಯ ಮೇಡಂಗೆ ಕಳಸದ ಕಡೆ ವರ್ಗವಾಯಿತು. ಹೊಸದಾಗಿ ಬಂದ ಪಿಡಿಒ ಮೊದಲ ಶನಿವಾರ ಹಾಳೆಗೆ ಸಹಿ ಹಾಕಲು ಒಪ್ಪಲಿಲ್ಲ, "ಹೀಗೊಂದು ಆದೇಶ ಎಲ್ಲಿದೆ?" ಅಂದರು. ಭಾನುವಾರ ಗುರುವಯ್ಯನವರು ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ಈ ವಾರ ಹಾಳೆ ಬಂದಿಲ್ಲ" ಅಂತ ಅಷ್ಟನ್ನೇ ಓದಿ ಕೂತರು. ಸೋಮವಾರ ಅರವತ್ತು ಹೆಂಗಸರು ಕೆಲಸಕ್ಕೆ ಹೋಗುವ ಮೊದಲು ಪಂಚಾಯಿತಿ ಜಗಲಿಗೆ ಬಂದು, ಜಗಳವಾಡದೆ, ಹಾಳೆ ಯಾಕೆ ಬರಲಿಲ್ಲ ಅಂತ ಒಬ್ಬೊಬ್ಬರೇ ಕೇಳಿ ಹೋದರು. ಮುಂದಿನ ಶನಿವಾರ ಹಾಳೆ ಬಂತು.

ಹೋದ ತಿಂಗಳು ಸೌಂದರ್ಯ ಫೋನು ಮಾಡಿ, ಅಲ್ಲಿಯೂ ಶುರು ಮಾಡಬೇಕಂತಿದ್ದೇನೆ, ಒಮ್ಮೆ ಬಂದು ತೋರಿಸಿಕೊಡಿ ಅಂದರು. ಮೇಷ್ಟ್ರು ಸ್ಕೂಟರು ಬಿಟ್ಟು ಗುರುವಯ್ಯನವರ ಜೊತೆ ಬಸ್ಸಿಗೇ ಹೋದರು. ಕೃಷ್ಣಮ್ಮನೂ ಹೋದರು. ಅಲ್ಲಿ ಓದುವುದಕ್ಕೆ ಊರವರು ಆರಿಸಿದ್ದು ದೀಪಶ್ರೀ ಅನ್ನುವ, ಹೊಲಿಗೆ ಅಂಗಡಿ ಇಟ್ಟುಕೊಂಡ ಹುಡುಗಿಯನ್ನು. ಗುರುವಯ್ಯನವರು ಗುಂಪಿನಲ್ಲಿ ಕೂತು ಅವಳ ಮೊದಲ ಓದು ಕೇಳಿದರು.

"ಹೇಗಿತ್ತು?" ಅಂತ ಸೋಮವಾರ ಅವರು ಗ್ರಂಥಾಲಯಕ್ಕೆ ಬಂದಾಗ ಕೇಳಿದೆ.

"ನಂಗಿಂತ ಚೆನ್ನಾಗಿ ಓದ್ತಾಳೆ" ಅಂದರು. ಪೇಪರ್ ಬಿಡಿಸಿಕೊಳ್ಳುತ್ತಾ, "ಆದ್ರೆ ಅವಸರ. ಒಂದು ಸಾಲು ಮುಗಿದ ಮೇಲೆ ಜನರ ಮುಖ ನೋಡ್ಬೇಕು, ಅದನ್ನ ಕೃಷ್ಣಿ ಹೇಳಿಕೊಟ್ಟು ಬಂದಿದಾಳೆ" ಅಂದರು.